ಒಂಬತ್ತನೆಯ ಗಂಟು

ಈ ಬೇಸಿಗೆಯ ಶುರುವಿನಲ್ಲಿ ಒಂದು ದಿನ ನಾನು ಗಿರಿಜಾಳ ಮೇಲೆ ಕೂಗಾಡಿಬಿಟ್ಟೆ. ಹನ್ನೆರಡು ವರ್ಷದಿಂದ ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಅವಳು, ನನಗಿಂತ ಹೆಚ್ಚಾಗಿ ನನ್ನ ಮನೆಯನ್ನು ಬಲ್ಲವಳು. ಅವಳು ಮಾಡಿದ ತಪ್ಪಾದರೂ ಏನು? ಮೇಜು ಒರೆಸುವಾಗ ಅಲ್ಲಿದ್ದ ಕಲ್ಲಿಗೆ ಸುತ್ತಿದ ಹಳೆಯ ಹುರಿಯನ್ನು ಬಿಚ್ಚಿ, ತೊಳೆದು ಹಾಕೋಣ ಎಂದು ಹೊರಟಿದ್ದಳು. ಹುರಿಯ ತುದಿ ಅವಳ ಬೆರಳಲ್ಲಿತ್ತು. ನಾನು "ಬಿಡs ಅದನ್ನ!" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಮೂವತ್ತು ವರ್ಷ ಹೈಸ್ಕೂಲಿನ ಕೊನೆಯ ಬೆಂಚಿಗೆ ಮುಟ್ಟುವಂತೆ ವಿಜ್ಞಾನ ಕಲಿಸಿದ ಗಂಟಲು ನನ್ನದು. ನಿವೃತ್ತಿಯಾದದ್ದು ಅದಕ್ಕಿನ್ನೂ ಗೊತ್ತಾಗಿಲ್ಲ.

ಗಿರಿಜಾ ಹುರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಒಂದ ಗಂಟಿನ ಸಲುವಾಗಿ ಇಷ್ಟ ಸಿಟ್ಟೇನ್ರಿ ಅಕ್ಕೋರ? ಬಂಗಾರ ಕಟ್ಟಿಟ್ಟೀರೇನ ಅದರಾಗ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಪಾತ್ರೆಗಳ ಮೇಲೆ ತನ್ನ ಸಿಟ್ಟು ತೀರಿಸಿಕೊಂಡಳು. ನಾನು ಹುರಿಯನ್ನು ಎತ್ತಿ ನೋಡಿದೆ. ಗಂಟು ಇತ್ತು. ಅದು ಜಾರುಗಂಟು. ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಗಂಟು ಇತ್ತೆಂಬ ಗುರುತೂ ಉಳಿಯುವುದಿಲ್ಲ.

ಆ ಕಲ್ಲಿನ ವಿಷಯ ಮೊದಲು ಹೇಳುತ್ತೇನೆ. ಅಂಗೈಗಿಂತ ತುಸು ದೊಡ್ಡದು, ಕಪ್ಪಿಗೆ ಹತ್ತಿರವಾದ ಬೂದು ಬಣ್ಣ. ಒಂದು ಮಗ್ಗುಲಲ್ಲಿ ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಗೀರು. ಅದರಲ್ಲಿ ಎರಡು ಪೆನ್ನು ಆರಾಮಾಗಿ ಮಲಗುತ್ತವೆ. ಮನೆಗೆ ಬಂದವರು ಎಲ್ಲಿ ಕೊಂಡಿರಿ ಎಂದು ಕೇಳುತ್ತಾರೆ. ಇದು ಕೊಂಡದ್ದಲ್ಲ, ನಮ್ಮಪ್ಪ ಕೊರೆದ ತೂತಿನ ಅರ್ಧ ಎಂದರೆ ಹೌದಾ ಎಂದು ಚಹದ ಕಪ್ಪಿಗೆ ಕೈ ಹಾಕುತ್ತಾರೆ. ತೂತಿನ ಅರ್ಧ ಎಂದರೆ ಏನು ಎಂದು ಈವರೆಗೆ ಯಾರೂ ಕೇಳಿಲ್ಲ. ನೀವು ಕೇಳಿದಿರಿ ಎಂದೇ ತಿಳಿದು ಮುಂದುವರಿಯುತ್ತೇನೆ.

ನಮ್ಮೂರು ಮುಂಡಗೋಡ ತಾಲೂಕಿನಲ್ಲಿ, ಇಂದೂರು ಎಂಬ ಹಳ್ಳಿಗೆ ನಡೆದು ಹೋಗುವಷ್ಟು ಹತ್ತಿರ. ಊರ ಹೊರಗೆ ಕಲ್ಲಿನ ಖಣಿ ಇತ್ತು. ನಮ್ಮ ಬಾಲ್ಯಕ್ಕೆ ಅದೇ ಕೇರಿ, ಅದೇ ಆಟದ ಬಯಲು. ಅವ್ವ ಅಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಸುತ್ತಿಗೆಯಿಂದ ಜಲ್ಲಿ, ನಮ್ಮ ಮಾತಿನಲ್ಲಿ ಖಡಿ, ಒಡೆಯುತ್ತಿದ್ದಳು. ಅಪ್ಪ ಫಕೀರಪ್ಪ ಉಳಿ ಹಿಡಿದು ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚುತ್ತಿದ್ದ. ನಮ್ಮ ತಲೆಗೂದಲಲ್ಲಿ ಕಲ್ಲಿನ ಪುಡಿ, ಕಿವಿಯಲ್ಲಿ ಕಲ್ಲಿನ ಪುಡಿ. ರೊಟ್ಟಿ ಕಚ್ಚಿದರೆ ಹಲ್ಲಿಗೆ ಕರಕ್ ಎನ್ನುವ ಕಲ್ಲಿನ ಪುಡಿ. ಟಿಬೆಟನ್ ಕಾಲೊನಿಗೆ ಹೋಗುವ ರಸ್ತೆಗಳಿಗೆ ನಮ್ಮ ಖಣಿಯದೇ ಖಡಿ ಬಿದ್ದಿತ್ತು. ಮುಂದೆ ಎಷ್ಟೋ ವರ್ಷಗಳ ಮೇಲೂ ಆ ರಸ್ತೆಯಲ್ಲಿ ಬಸ್ಸು ಕುಲುಕಿದರೆ ಅವ್ವ ಕಿಟಕಿಯಿಂದ ಇಣುಕಿ, "ಇಲ್ಲೆ ಹಾಕಿದ್ದು ನಮ್ಮ ಖಡಿ ಅಲ್ಲ ಬಿಡ" ಎನ್ನುತ್ತಿದ್ದಳು. ಗೊಂಜಾಳದ ಹೊಲಗಳ ನಡುವೆ ಬಸ್ಸು ಸರಾಗ ಓಡತೊಡಗಿದರೆ, ಅದು ನಮ್ಮದು.

ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಖಣಿಯ ಗೋಡೆಯನ್ನು ಮೇಲಿನಿಂದ ಕೆಳಗೆ ಓದುತ್ತಿದ್ದ. ಮೇಲೆ ಮೊಳದಷ್ಟು ಕೆಂಪು ಮಣ್ಣು. ಅದರ ಕೆಳಗೆ ಜಂಬಿಟ್ಟಿಗೆ. ಅದರಡಿಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ, ಕಲ್ಲೂ ಅಲ್ಲದ ಮಣ್ಣೂ ಅಲ್ಲದ ಹಳದಿ ಪದರು. ಅದಕ್ಕೆ ಅವನು 'ಮನಸು ಗಟ್ಟಿ ಮಾಡದ ಕಲ್ಲು' ಎನ್ನುತ್ತಿದ್ದ. ಎಲ್ಲದರ ಕೆಳಗೆ ಕರಿಗಲ್ಲು, ಅದರ ಮೈಯಲ್ಲಿ ಅಡ್ಡಾದಿಡ್ಡಿ ಹರಿದ ಬಿಳಿ ಬೆಣಚಿನ ಗೆರೆಗಳು. ಮುಂದೆ ನಾನು ಕಾಲೇಜಿನಲ್ಲಿ ಓದಿದೆ: ಆ ಕರಿಗಲ್ಲು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳದಲ್ಲಿ ಕೂತ ಮರಳು ಮತ್ತು ಕೆಸರು. ಭೂಮಿಯೊಳಗಿನ ಒತ್ತಡಕ್ಕೆ ಬಿಗಿದು, ಮಡಿಚಿ, ಕಲ್ಲಾದದ್ದು. ಬಿರುಕುಗಳಲ್ಲಿ ಬಿಸಿನೀರು ತಂದಿಟ್ಟದ್ದು ಬೆಣಚು. ರಜೆಗೆ ಬಂದು ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವನು ಬೆಚ್ಚಲಿಲ್ಲ. "ಹಂಗs ಇರಬೇಕ. ಒಡದಾಗ ಒಮ್ಮೊಮ್ಮೆ ಕೆಸರಿನ ವಾಸನಿ ಬರತೈತಿ" ಎಂದ. ನಾನು ಕಲ್ಲನ್ನು ಮೂಸಿ ನೋಡಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ.

ಇನ್ನು ತೂತಿನ ಮಾತು. ಬಂಡೆಗೆ ಕೊರೆದ ತೂತಿನಲ್ಲಿ ಮದ್ದು ಹಾರಿತೆಂದರೆ ಬಂಡೆ ಆ ತೂತಿನ ಗುಂಟವೇ ಸೀಳುತ್ತದೆ. ತೂತಿನ ಅರ್ಧ ಹಾರಿಹೋದ ಕಲ್ಲಿನಲ್ಲಿ, ಇನ್ನರ್ಧ ಗೋಡೆಯಲ್ಲಿ. ಖಣಿಯ ಗೋಡೆಯ ಮೇಲೆ ಅಂಥ ಅರೆಗೀರುಗಳು ಸಾಲಾಗಿ ಇರುತ್ತವೆ. ಒಂದೊಂದು ಗೀರೂ ಹಾರಿದ ಒಂದೊಂದು ಮದ್ದಿನ ರುಜು. ಗೀರಾಗದೆ ತೂತು ತೂತಾಗಿಯೇ ಉಳಿದಿದೆ ಎಂದರೆ ಅದರೊಳಗೆ ಮದ್ದು ಇನ್ನೂ ಕೂತಿದೆ ಎಂದು ಅರ್ಥ. ಖಣಿಯವರ ಎದೆ ನಡುಗಿಸುವುದು ಅದೊಂದೇ.

ಅದಕ್ಕಾಗಿ ಅಪ್ಪ ಹುರಿ ಇಟ್ಟುಕೊಂಡಿದ್ದ. ಎಷ್ಟು ತೂತಿಗೆ ಮದ್ದು ತುಂಬುತ್ತಾನೋ ಹುರಿಗೆ ಅಷ್ಟು ಜಾರುಗಂಟು. ತೂತಿನ ಬಾಯಿಗೆ ಹುತ್ತದ ಕೆಮ್ಮಣ್ಣು ಜಡಿದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದ ಮೇಲೆಯೇ ಗಂಟು ಹಾಕುವುದು. ಬತ್ತಿಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿರುತ್ತಿದ್ದ, ಒಂದರ ಹಿಂದೆ ಒಂದು ಹಾರಲಿ ಎಂದು. ಹಚ್ಚಿ ಮೇಲೆ ಓಡಿ ಬಂದು, ದಿಬ್ಬದ ಮರೆಗೆ ಕೂತು, ಒಂದೊಂದು ಸಪ್ಪಳಕ್ಕೆ ಹುರಿಯನ್ನು ಒಂದೊಂದು ಸಲ ಎಳೆಯುತ್ತಿದ್ದ. ಕೊನೆಯ ಗಂಟು ಬಿಚ್ಚಿದ ಮೇಲೆ ಎದ್ದು ನಿಂತು ಖಾಲಿ ಹುರಿಯನ್ನು ಎತ್ತಿ ತೋರಿಸಿದರೆ ಜನ ಕೆಳಗಿಳಿಯುತ್ತಿದ್ದರು. ಒಂದು ಗಂಟು ಉಳಿದರೂ ಮರುದಿನ ಹೊತ್ತು ಮೂಡುವ ತನಕ ಯಾರೂ ಇಳಿಯುವಂತಿಲ್ಲ. ಮೂಡಿದ ಮೇಲೂ ಮೊದಲು ಅವನೊಬ್ಬನೇ. ಮಕ್ಕಳಾದ ನಮಗೆ ಆ ಸಪ್ಪಳಗಳ ನಂತರ ಎದುರಿನ ಗುಡ್ಡ ಒಮ್ಮೆ ಗುಡುಗುವುದು ಖುಷಿ. ಗುಡ್ಡ ಮಾತಾಡಿತು ಎಂದು ಕುಣಿಯುತ್ತಿದ್ದೆವು.

ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಆ ಶನಿವಾರ ಮುಂಜಾನೆಯ ಶಾಲೆ ಮುಗಿಸಿ ನೇರ ಖಣಿಗೆ ಓಡಿದ್ದೆ. ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಿತ್ತು. ಮಾಸ್ತರರು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ದರು. ಆ ಹಾಳೆಯನ್ನು ಅಪ್ಪನ ಮುಂದೆ ಹಿಡಿಯುವ ತನಕ ನನಗೆ ಕೂರಲಿಕ್ಕಾಗುತ್ತಿರಲಿಲ್ಲ. ಆದರೆ ಹೋಗುವ ಹೊತ್ತಿಗೆ ಅಪ್ಪ ಬತ್ತಿ ಹಚ್ಚಿ ಬಂದು ದಿಬ್ಬದ ಮರೆಗೆ ಕೂತಿದ್ದ. ಹುರಿಯಲ್ಲಿ ಒಂಬತ್ತು ಗಂಟು. ಏಳು ತೂತು ಗೋಡೆಯ ಮೇಲ್ಭಾಗಕ್ಕೆ, ಎರಡು ಪಡುವಣ ಮೂಲೆಯ ಬುಡಕ್ಕೆ. ನಾನೂ ಹೆಂಗಸರ ನಡುವೆ ಕೂತು ಬೆರಳು ಮಡಿಚುತ್ತ ಎಣಿಸಿದೆ. ಎಲ್ಲ ಮುಗಿದಾಗ ನನ್ನ ಲೆಕ್ಕ ಒಂಬತ್ತು. ಅಪ್ಪನ ಹುರಿಯಲ್ಲಿ ಒಂದು ಗಂಟು ಉಳಿದಿತ್ತು.

ಅಪ್ಪ ಏಳಲಿಲ್ಲ. ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು, ಖಣಿಗೆ ಇಳಿಯುವ ದಾರಿಯ ಬಾಯಿಗೆ ಹೋಗಿ ಕೂತುಬಿಟ್ಟ. "ಒಂದ ಉಳದೈತಿ. ಇವತ್ತ ಯಾರೂ ಇಳ್ಯಾಂಗಿಲ್ಲ" ಎಂದ. ಮೂರು ಲಾರಿ ನಿಂತಿದ್ದವು. ಗುತ್ತೇದಾರ ಛತ್ರಿಯ ಕೆಳಗಿನಿಂದಲೇ ಹರಿಹಾಯ್ದ. ಲಾರಿ ತುಂಬಿದರೆ ಮಾತ್ರ ಕೂಲಿ, ಹೀಗಾಗಿ ಹೆಂಗಸರೂ ಗೊಣಗತೊಡಗಿದರು. ಯಾರಾದರೂ ಸರಿಯಾಗಿ ಎಣಿಸಿದ್ದೀರಾ ಎಂದು ಗುತ್ತೇದಾರ ಕೇಳಿದ.

ನಾನು ಎದ್ದು ನಿಂತೆ. ಶಾಲೆಯಲ್ಲಿ ನಿಲ್ಲುವ ಹಾಗೆ, ಕೈ ಕಟ್ಟಿಕೊಂಡು. "ಒಂಬತ್ತ ಆಗ್ಯಾವ್ರಿ. ನಾ ಎಣಿಸೇನಿ" ಎಂದೆ. ಅಷ್ಟಕ್ಕೇ ಬಿಡಲಿಲ್ಲ, ನೂರಕ್ಕೆ ನೂರರ ಹಾಳೆಯನ್ನೂ ತೋರಿಸಿದೆ. ಗುತ್ತೇದಾರ ಹೊಟ್ಟೆ ಹಿಡಿದು ನಕ್ಕ. "ನೋಡ ಫಕೀರಪ್ಪ, ನಿನ್ನ ಹುರಿಕಿಂತ ನಿನ್ನ ಮಗಳs ಶಾಣ್ಯಾಕಿ ಅದಾಳ!" ಹೆಂಗಸರೆಲ್ಲ ನಕ್ಕರು. ಸಾಲಿನಲ್ಲಿ ಕಿರಿಯಳಾದ ನಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನನಗಿನ್ನೂ ಕಾಣುತ್ತದೆ. ಅವ್ವ ಒಬ್ಬಳು ನಗಲಿಲ್ಲ. ಅಪ್ಪ ನನ್ನನ್ನು ನೋಡಿದ. ಗದರಿಸಲಿಲ್ಲ. "ಹುಡುಗಿಗೆ ಕೇಳಿದ್ದ ಹುಡುಗಿ ಹೇಳ್ಯಾಳ. ನನ್ನ ಗಂಟ ಬಿಚ್ಚಿಲ್ಲ" ಎಂದ. ದಾರಿಯ ಬಾಯಿಂದ ಕದಲಲಿಲ್ಲ. ಲಾರಿಗಳು ಖಾಲಿ ಹೋದವು.

ಮರುದಿನ ಮುಂಜಾನೆ ಅಪ್ಪ ಇಳಿದು ನೋಡಿದ. ಗುತ್ತೇದಾರನ ಕಡೆಯವನೊಬ್ಬ ಕಬ್ಬಿಣದ ಹಾರೆ ಹಿಡಿದು ಅವನ ಹಿಂದೆಯೇ ಹೋದ. ಮೇಲಿನ ಏಳೂ ಹಾರಿದ್ದವು. ಪಡುವಣ ಮೂಲೆಯ ಬುಡದ ಮೇಲೆ ಕಲ್ಲಿನ ಗುಡ್ಡವೇ ಕುಸಿದು ಬಿದ್ದಿತ್ತು. ಅದನ್ನು ಕೈಯಿಂದ ಒಂದೊಂದಾಗಿ ತೆಗೆಯಬೇಕು, ಎಂಟು ದಿನ ಬೇಕು ಎಂದು ಅಪ್ಪ. ಇಲ್ಲದ ಮದ್ದು ಹುಡುಕಲು ಎಂಟು ದಿನವೇ ಎಂದು ಗುತ್ತೇದಾರ. ಅಂದಿನಿಂದ ಬತ್ತಿ ಹಚ್ಚುವ ಕೆಲಸ ಬೇರೊಬ್ಬನಿಗೆ ಹೋಯಿತು. ಇಡೀ ಖಣಿಯಲ್ಲಿ ಉಳಿಯ ಸಪ್ಪಳದಿಂದಲೇ ಬಂಡೆಯ ಒಳಗನ್ನು ಹೇಳಬಲ್ಲವನಾಗಿದ್ದ ನಮ್ಮಪ್ಪ ಹೆಂಗಸರ ಸಾಲಿನ ತುದಿಗೆ ಕೂತು ಖಡಿ ಒಡೆಯತೊಡಗಿದ. ಅವನು ಕೇಳಿಕೊಂಡದ್ದು ಒಂದೇ: "ಆ ಮೂಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ." ಅದಕ್ಕೂ ನಕ್ಕರು. ಆದರೆ ನಗುವುದು ಬೇರೆ, ಕೈ ಹಚ್ಚುವುದು ಬೇರೆ. ನಕ್ಕವರಲ್ಲಿ ಒಬ್ಬರೂ ಆ ಮೂಲೆಗೆ ಹೋಗಲಿಲ್ಲ. ಖಣಿ ಮೂಡಣಕ್ಕೆ ಬೆಳೆಯಿತು. ಕೆಲವು ವರ್ಷಗಳಲ್ಲಿ ಬಂಡೆಯ ಬಿರುಕಿನಿಂದ ನೀರು ಒಡೆದು, ಎಷ್ಟು ಎತ್ತಿದರೂ ಬತ್ತದೆ, ಖಣಿಯೇ ನಿಂತಿತು. ಹಾಳು ಬಿದ್ದ ಖಣಿ ಹಸಿರು ನೀರಿನ ಹೊಂಡವಾಯಿತು.

ನನ್ನ ಅವಮಾನದ ಮಾತು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಶಾಲೆಯಲ್ಲಿ ಹುಡುಗಿಯರು "ನಿಮ್ಮಪ್ಪ ಹೆಂಗಸರ ಜೋಡಿ ಖಡಿ ಒಡಿತಾನಂತ" ಎಂದಾಗ ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಅಪ್ಪನ ಮೇಲೆ. ತಪ್ಪು ಒಪ್ಪಿಕೊಂಡು ಆ ಗಂಟು ಬಿಚ್ಚಿಬಿಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದುಕೊಂಡಿದ್ದೆ. ಅವನು ಆ ಹುರಿಯನ್ನು ಗೂಟಕ್ಕೆ ತೂಗುಹಾಕಿದ್ದ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಈ ಕಲ್ಲನ್ನು ತಂದು ಕೈಗಿಟ್ಟ. "ಪೆನ್ನ ಇಡಾಕ ಬರತೈತಿ" ಎಂದ. ನಾನು ಬಿ.ಎಡ್. ಓದುವಾಗ ಅಪ್ಪ ತೀರಿಕೊಂಡ. ಕಲ್ಲಿನ ಪುಡಿ ತಿಂದ ಎದೆ, ಹೆಚ್ಚು ದಿನ ತಡೆಯಲಿಲ್ಲ. ಅವ್ವ ಹುರಿಯನ್ನು ಗೂಟದಿಂದ ಇಳಿಸಿ, ನನ್ನ ಟ್ರಂಕಿನಲ್ಲಿದ್ದ ಕಲ್ಲಿಗೆ ಸುತ್ತಿ, "ಇದನ್ನ ನೀನs ಇಟಗೋ" ಎಂದಳು. ನೀನೇ ಎಂಬುದಕ್ಕೆ ಕೊಟ್ಟ ಒತ್ತು ನನಗೆ ಮುಟ್ಟಿತು.

ಮಾಸ್ತರಿಕೆ ಹತ್ತಿದ ಮೊದಲ ವರ್ಷ ಒಂಬತ್ತನೆಯ ತರಗತಿಗೆ ಪ್ರತಿಧ್ವನಿಯ ಪಾಠ. ಮಕ್ಕಳನ್ನು ಆ ಹೊಂಡದ ದಂಡೆಗೆ ಕರೆದೊಯ್ದೆ. ಎದುರಿಗೆ ಗುಡ್ಡವಿದೆ, ಒಳ್ಳೆಯ ಜಾಗ ಎಂದು. ಚಪ್ಪಾಳೆ ಹೊಡೆಸಿದೆ. "ಬಿಡದೆ ಹೊಡೆದರೆ ಪ್ರತಿಧ್ವನಿ ನಿಮ್ಮ ಮುಂದಿನ ಚಪ್ಪಾಳೆಯಲ್ಲೇ ಮುಳುಗಿಹೋಗುತ್ತದೆ. ನಿಲ್ಲಿಸಿದ ಮೇಲೆ ಕೊನೆಯದೊಂದು ಮಾತ್ರ ಬೇರೆಯಾಗಿ ಕೇಳುತ್ತದೆ, ಎಣಿಸಿ" ಎಂದೆ. ಮಕ್ಕಳು ಎಂಟು ಚಪ್ಪಾಳೆ ಹೊಡೆದರು. ಗುಡ್ಡ ಒಮ್ಮೆ ಹೊಡೆಯಿತು. "ಒಂಬತ್ತ ಕೇಳಿಸ್ತ್ರೀ ಅಕ್ಕೋರ!" ಎಂದು ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ನನ್ನ ಕೈಯಲ್ಲಿದ್ದ ಪುಸ್ತಕ ಹಾಗೇ ಉಳಿಯಿತು. ಆ ಶನಿವಾರ ನಾನು ಎಣಿಸಿದ ಒಂಬತ್ತನೆಯದೂ ಗುಡ್ಡದ್ದೇ ಇರಬಹುದು, ಆದರೆ ಪುರಾವೆ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಿಜ್ಞಾನದ ಮಾಸ್ತರರಿಗೆ ಪುರಾವೆ ಇಲ್ಲ ಎಂಬುದು ಬಹಳ ಒಳ್ಳೆಯ ಮರೆ. ಆ ಮರೆಯಲ್ಲಿ ನಾನು ಮೂವತ್ತು ವರ್ಷ ಅದೇ ದಂಡೆಯಲ್ಲಿ ನಿಂತು ಅದೇ ಪಾಠ ಮಾಡಿದೆ.

ಗಿರಿಜಾಳ ಮೇಲೆ ಕೂಗಾಡಿದ ಎಂಟು ದಿನಕ್ಕೆ ಊರಿನ ಪಂಚಾಯ್ತಿ ಸದಸ್ಯ ಮಂಜುನಾಥ ಫೋನು ಮಾಡಿದ. ನನ್ನದೇ ವಿದ್ಯಾರ್ಥಿ. ದನಕರುಗಳ ನೀರಿಗೆಂದು ಹೊಂಡವನ್ನು ಬತ್ತಿಸಿ ಹೂಳು ತೆಗೆಯುತ್ತಿದ್ದರಂತೆ. "ಕಲ್ಲಿನ ಪಾಠ ಅಷ್ಟ ಚಲೋ ಮಾಡ್ತಿದ್ರಿ. ತಳಾ ಕಂಡೈತಿ, ಬಂದ ನೋಡ್ರಿ" ಎಂದ. ಮುಂಡಗೋಡದಿಂದ ಬಸ್ಸು ಹಿಡಿದು ಹೋದೆ. ಐವತ್ತು ವರ್ಷದ ಕೆಳಗೆ ನೋಡಿದ್ದ ಗೋಡೆ ಪಾಚಿ ಬಳಿದುಕೊಂಡು ನಿಂತಿತ್ತು. ಪಾಚಿಯೊಳಗೆ ಅರೆಗೀರುಗಳು, ಸಾಲಾಗಿ, ಅಪ್ಪನ ರುಜುಗಳು. ದಂಡೆಯ ಮೇಲೆ ನಿಂಗವ್ವ ಕೋಲೂರಿ ಕೂತಿದ್ದಳು. ಖಡಿ ಒಡೆಯುತ್ತಿದ್ದ ಆ ಸಾಲಿನಲ್ಲಿ ಉಳಿದವಳು ಅವಳೊಬ್ಬಳೇ.

ನಾನು ದಾರಿ ಹಿಡಿದು ಅರ್ಧ ಇಳಿದಿದ್ದೆ. ಜೆಸಿಬಿ ಪಡುವಣ ಮೂಲೆಯ ಕಲ್ಲು ಎಳೆದು ಎಳೆದು ಹಾಕುತ್ತಿತ್ತು. ಒಂದು ದೊಡ್ಡ ಗುಂಡು ಉರುಳಿದಾಗ ಅದರ ಹಿಂದಿನ ಕರಿ ಗೋಡೆಯ ಬುಡದಲ್ಲಿ ದುಂಡನೆಯ ಕೆಂಪು ಚುಕ್ಕೆ ಕಂಡಿತು. ಹುತ್ತದ ಮಣ್ಣು. ನಡುವೆ ಹೆಬ್ಬೆರಳು ಒತ್ತಿದ ಸಣ್ಣ ತಗ್ಗು. ತಗ್ಗಿನಿಂದ ಕರಿ ದಾರದಂಥ ಬತ್ತಿಯ ತುಣುಕು ಹೊರಗೆ ಬಂದಿತ್ತು.

ಮತ್ತೆ ಆ ಗಂಟಲೇ ಕೆಲಸಕ್ಕೆ ಬಂತು. "ನಿಲ್ಲಸ್ರಿ!" ಎಂದು ಕೂಗಿದೆ. ಜೆಸಿಬಿಯ ಬಕೆಟ್ಟು ಗಾಳಿಯಲ್ಲೇ ನಿಂತಿತು. ಎಲ್ಲರೂ ಮೇಲೆ ಬನ್ನಿ, ಅಲ್ಲಿ ಹಾರದ ಮದ್ದಿದೆ ಎಂದೆ. ಚಾಲಕ ಮೌಲಾಸಾಬ ಇಳಿದು ಬಂದು ನಕ್ಕ. "ಐವತ್ತ ವರ್ಷ ನೀರಾಗ ನೆನದ ಮದ್ದ ಏನ ಹಾರತೈತ್ರಿ ಅಮ್ಮಾ? ಇನ್ನೊಂದ ತಾಸಿನ ಕೆಲಸ ಐತಿ, ಮುಗಿಸಿ ಹೊಕ್ಕೇನಿ." ಮಂಜುನಾಥನೂ ನನ್ನ ವಯಸ್ಸನ್ನು ನೋಡಿ ಮೆಲ್ಲಗೆ, "ಬಿಸಲಾಗ ನಿಂತೀರಿ, ನೆರಳಿಗೆ ಬರ್ರಿ ಅಕ್ಕೋರ" ಎಂದ. ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ನನ್ನ ಕೂಗಿಗೆ ಅವರೆಲ್ಲ ಮೇಲೆ ಬಂದಿದ್ದರು, ಅಷ್ಟೇ ಸಾಕಿತ್ತು. ನಾನು ಖಣಿಗೆ ಇಳಿಯುವ ದಾರಿಯ ಬಾಯಿಗೆ ಹೋಗಿ ಕೂತುಬಿಟ್ಟೆ. ಕೂತ ಮೇಲೆ ತಿಳಿಯಿತು, ಇದೇ ಜಾಗ.

ನಿಂಗವ್ವ ಕೋಲೂರಿಕೊಂಡು ಬಂದಳು. ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಆ ಮೂಲೆಯ ಕಡೆ ನೋಡಿದಳು. ಕಣ್ಣು ಮಂಜಾದ ಅವಳಿಗೆ ಏನು ಕಂಡಿತೋ ಗೊತ್ತಿಲ್ಲ. ಆಮೇಲೆ ನನ್ನ ಮಗ್ಗುಲಿಗೆ ಕೂತು, ಮೌಲಾಸಾಬನಿಗೆ ಕೇಳುವಂತೆ ಹೇಳಿದಳು: "ಇಕಿ ಅಪ್ಪ ಹಿಂಗs ಕುಂತಿದ್ದ. ನಾವೆಲ್ಲಾ ನಕ್ಕಿದ್ವಿ. ಅಂವಾ ಕುಂತಿದ್ದಕ್ಕs ನಾ ಇಲ್ಲೀಮಟಾ ಬದುಕೇನಿ ಅಂತ ಇವತ್ತ ತಿಳೀತ. ಯಾರೂ ಇಳೀಬ್ಯಾಡ್ರಪಾ." ಮೌಲಾಸಾಬನ ಮುಖದ ನಗು ಹೋಯಿತು. ಮಂಜುನಾಥ ಫೋನು ತೆಗೆದ.

ಮರುದಿನ ಇದನ್ನು ಬಲ್ಲ ಮೂವರು ಬಂದರು. ನಮ್ಮನ್ನೆಲ್ಲ ದೂರ ಕಳಿಸಿ, ತೂತಿಗೆ ನೀರು ಹಾಯಿಸಿ ತೊಳೆದರು. ಕರಿ ಕೆಸರು ಬಂತಂತೆ, ಅಷ್ಟೆ. ಅವರಲ್ಲಿ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ, "ಹಳೇ ಮದ್ದ ಹೆಂಗಿರತೈತಿ ಅಂತ ಹೇಳಾಕ ಬರೂದಿಲ್ರಿ. ಜೆಸಿಬಿ ತಾಗದ ಇದ್ದದ್ದ ಚಲೋ ಆತು" ಎಂದರು. "ಐವತ್ತ ವರ್ಷದ ಹಿಂದ ತಾಗಿದ್ರ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ಆ ಶನಿವಾರ ಗುತ್ತೇದಾರ ನನ್ನ ಮಾತು ಹಿಡಿದು ಜನರನ್ನು ಇಳಿಸಿದ್ದರೆ ಮೊದಲು ಆ ಮೂಲೆಗೆ ಹೋಗುತ್ತಿದ್ದದ್ದು ಹೆಂಗಸರ ಸಾಲು. ಸಾಲಿನಲ್ಲಿ ಅವ್ವ ಇದ್ದಳು.

ಮನೆಗೆ ಬಂದು ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ನೆಲದ ಮೇಲೆ ಕೂತು, ಕೈಯಲ್ಲಿದ್ದ ಅರಿವೆಯನ್ನು ಮರೆತು ಕೇಳಿದಳು. ಕೊನೆಗೆ, "ಈಗ ಮದ್ದ ಹೋತಲ್ರಿ. ಇನ್ನರೆ ಬಿಚ್ಚಬೌದಿಲ್ಲೋ ಅದನ್ನ?" ಎಂದಳು.

ಹುರಿಯನ್ನು ಕೈಗೆತ್ತಿಕೊಂಡೆ. ತುದಿಯನ್ನು ಎರಡು ಬೆರಳಲ್ಲಿ ಹಿಡಿದೆ. ಆದರೆ ಅಪ್ಪನ ನೇಮ ಒಂದೇ ಇತ್ತು: ಕಿವಿಗೆ ಸಪ್ಪಳ ಬಿದ್ದರೆ ಮಾತ್ರ ಗಂಟು ಬಿಚ್ಚುವುದು. ಆ ಒಂಬತ್ತನೆಯದು ಹಾರಲೇ ಇಲ್ಲ. ನೀರಿನಲ್ಲಿ ನೆನೆದು, ಕೆಸರಾಗಿ, ಸುಮ್ಮನೆ ಹೋಯಿತು. ಹುರಿಯನ್ನು ಮತ್ತೆ ಕಲ್ಲಿಗೆ ಸುತ್ತಿ, ಗಂಟು ಮೇಲೆ ಕಾಣುವಂತೆ ಇಟ್ಟೆ. ಗಿರಿಜಾ ಅದರ ಸುತ್ತಲಿನ ಧೂಳನ್ನಷ್ಟೇ ಒರೆಸಿದಳು.

ಅವಳು ಒಳಗೆ ಹೋದ ಮೇಲೆ, ನೂರಕ್ಕೆ ನೂರು ತೆಗೆದಿದ್ದ ಆ ಹುಡುಗಿ ನನ್ನೊಳಗೆ ಎದ್ದು ನಿಂತು ಕೈ ಕಟ್ಟಿಕೊಂಡಳು. ಹೇಳಬೇಕಾದವನು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಹೇಳಿದೆ.

"ಎಂಟ, ಅಪ್ಪಾ. ಎಂಟs ಹಾರಿದ್ವು."